ಕಮಲದ ಇಪ್ಪತ್ತು ಪೈಸೆಗೆ ಶೆಲ್ ಮಾಡಿಸಿದ ಕಥೆ

ನಾಣ್ಯದ ಜಾದೂ ಮಾಡುವ ಹುಚ್ಚು ಹತ್ತಿದವರಿಗೆ ಒಂದಲ್ಲ ಒಂದು ದಿನ ಈ ಆಸೆ ಹುಟ್ಟಿಯೇ ಹುಟ್ಟುತ್ತದೆ: ನಮ್ಮ ದೇಶದ್ದೇ ನಾಣ್ಯದಲ್ಲಿ ಒಂದು ಶೆಲ್ ಬೇಕು. ನನಗೂ ಹುಟ್ಟಿತು. ಹೋದ ವಾರ ಕೊನೆಗೂ ಕೈಗೆ ಬಂತು. ಈ ನಡುವೆ ವಕೀಲರು, ಕಸ್ಟಮ್ಸ್, ಲೇಥ್, ಅಕ್ಕಸಾಲಿ ಎಲ್ಲ ಆಯಿತು. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಮುಂದೆ ಮಾಡಿಸುವವರು ನನ್ನಷ್ಟು ಅಲೆಯಬೇಕಾಗಿಲ್ಲ.

ಶೆಲ್ ಅಂದರೆ ಟೊಳ್ಳು ನಾಣ್ಯ. ಒಂದು ಮುಖ ಮತ್ತು ಅಂಚು ಮಾತ್ರ ಉಳಿಸಿ ಒಳಗಿನ ಲೋಹವನ್ನೆಲ್ಲ ಕೆತ್ತಿ ತೆಗೆದಿರುತ್ತಾರೆ. ಇನ್ನೊಂದು ನಾಣ್ಯದ ಮೇಲೆ ಮುಚ್ಚಳದ ಹಾಗೆ ಕೂರುತ್ತದೆ. ಎರಡು ಇದ್ದದ್ದು ಒಂದಾಗಿ ಕಾಣುತ್ತದೆ, ಒಂದು ಇದ್ದದ್ದು ಎರಡಾಗುತ್ತದೆ. ಇಷ್ಟು ಹೇಳಿದರೆ ಗುಟ್ಟು ಬಿಟ್ಟುಕೊಟ್ಟ ಹಾಗಾಯಿತು ಅಂತ ಯಾರೂ ಮುನಿಸಿಕೊಳ್ಳಬೇಡಿ. ಜಾದೂ ಪುಸ್ತಕಗಳಲ್ಲಿ ನೂರು ವರ್ಷದಿಂದ ಇರುವ ಮಾತು ಇದು. ಅದನ್ನು ಹೇಗೆ ಬಳಸಬೇಕು ಅನ್ನುವುದೇ ನಿಜವಾದ ಗುಟ್ಟು. ಅದರ ಬಗ್ಗೆ ಇಲ್ಲಿ ಒಂದಕ್ಷರವೂ ಇಲ್ಲ.

ನಮ್ಮಲ್ಲಿ ಹೆಚ್ಚಿನವರು ಅಭ್ಯಾಸ ಮಾಡುವುದು ಅಮೆರಿಕದ ಅರ್ಧ ಡಾಲರಿನಲ್ಲಿ. ಕಾರಣ ಇದೆ. 30.6 ಮಿ.ಮೀ. ಅಗಲ, ಹನ್ನೊಂದು ಗ್ರಾಮಿಗಿಂತ ಸ್ವಲ್ಪ ಜಾಸ್ತಿ ತೂಕ. ಅಂಗೈಯಲ್ಲಿ ಹಿಡಿಸಿ ಬಚ್ಚಿಡಲು ಹೇಳಿ ಮಾಡಿಸಿದ ಅಳತೆ. ಅಂಚಿನಲ್ಲಿ ಸುತ್ತಲೂ ಗೆರೆಗಳಿರುವುದರಿಂದ ಹಿಡಿತವೂ ಸಿಗುತ್ತದೆ. ಜೊತೆಗೆ ಇಂಗ್ಲೆಂಡಿನ ಹಳೇ ತಾಮ್ರದ ಪೆನ್ನಿ ಇಟ್ಟುಕೊಂಡರೆ ಬಿಳಿ-ಕೆಂಪು ಜೋಡಿ ಸಿದ್ಧ, ಎರಡೂ ಹೆಚ್ಚುಕಮ್ಮಿ ಒಂದೇ ಅಗಲ. ಆದರೆ ನಮ್ಮ ಮದುವೆ ಮನೆಯಲ್ಲಿ, ನಾಮಕರಣದಲ್ಲಿ ಅದನ್ನು ಹೊರಗೆ ತೆಗೆದ ತಕ್ಷಣ ಮೊದಲ ಪ್ರಶ್ನೆ ಏನು ಗೊತ್ತಲ್ವಾ? "ಇದ್ಯಾವ ದೇಶದ್ದು? ಕೊಡಿ ಇಲ್ಲಿ ನೋಡೋಣ." ಜಾದೂ ಶುರುವಾಗುವ ಮೊದಲೇ ನಾಣ್ಯದ ಮೇಲೆ ಅನುಮಾನ. ಅದರ ಮೇಲಿರುವ ಅಮೆರಿಕದ ಹಿಂದಿನ ಅಧ್ಯಕ್ಷ ಕೆನಡಿಯ ಮುಖ ತೋರಿಸಿ ಇವರು ಯಾರು ಅಂತ ವಿವರಿಸುವಷ್ಟರಲ್ಲಿ ಮಕ್ಕಳು ಐಸ್‌ಕ್ರೀಮ್ ಕಡೆ ಓಡಿರುತ್ತಾರೆ.

ಹಾಗಾಗಿ ನನ್ನ ಮೊದಲ ಯೋಚನೆ ಹತ್ತು ರೂಪಾಯಿ ನಾಣ್ಯ. 27 ಮಿ.ಮೀ. ಅಗಲ ಇದೆ, ಎಲ್ಲರ ಜೇಬಿನಲ್ಲೂ ಸಿಗುತ್ತದೆ. ಬೆಂಗಳೂರಿನ ಪೀಣ್ಯದ ಕಡೆ ಒಬ್ಬ ಲೇಥ್ (ಲೋಹವನ್ನು ತಿರುಗಿಸುತ್ತಾ ಕೆತ್ತುವ ಯಂತ್ರ) ಕೆಲಸದವರನ್ನು ಹುಡುಕಿದರೆ ಮುಗಿಯಿತು ಅಂದುಕೊಂಡೆ. ಅದೃಷ್ಟಕ್ಕೆ, ಲೇಥ್ ಹುಡುಕುವ ಮೊದಲು ಪರಿಚಯದ ವಕೀಲರೊಬ್ಬರ ಹತ್ತಿರ ಸುಮ್ನೆ ಮಾತಿಗೆ ಹೇಳಿದೆ. ಅವರು ನಗಲಿಲ್ಲ. 2011ರ ನಾಣ್ಯ ಕಾಯ್ದೆಯನ್ನು ತೆಗೆದು ಮುಂದಿಟ್ಟರು.

ಈ ಭಾಗವನ್ನು ದಯವಿಟ್ಟು ಗಮನ ಕೊಟ್ಟು ಓದಿ. ಚಲಾವಣೆಯಲ್ಲಿರುವ ನಾಣ್ಯವನ್ನು ಕರಗಿಸುವಂತಿಲ್ಲ, ನಾಶ ಮಾಡುವಂತಿಲ್ಲ. ಹಾಳು ಮಾಡಿದ, ವಿರೂಪ ಮಾಡಿದ ನಾಣ್ಯವನ್ನು ಇಟ್ಟುಕೊಳ್ಳುವುದೂ ತಪ್ಪು. ವ್ಯವಹಾರಕ್ಕೆ ಬಿಟ್ಟು ಬೇರೆ ಕೆಲಸಕ್ಕೆ ನಾಣ್ಯ ಬಳಸುವಂತಿಲ್ಲ ಅಂತಲೂ ಅದರಲ್ಲಿ ಇದೆ. ಶಿಕ್ಷೆ ಏಳು ವರ್ಷದವರೆಗೆ ಜೈಲು, ಜೊತೆಗೆ ದಂಡ. ನಾಣ್ಯ ಕರಗಿಸಿ ಲೋಹ ಮಾರುವವರನ್ನು ತಡೆಯುವ ಕಾಯ್ದೆ ಇದು, ಜಾದೂಗಾರರ ಮೇಲೆ ಯಾರಿಗೂ ಕಣ್ಣಿಲ್ಲ, ನಿಜ. ಆದರೆ ಕಾಯ್ದೆಯಲ್ಲಿ ಜಾದೂಗಾರರಿಗೆ ಅಂತ ವಿನಾಯಿತಿಯನ್ನೂ ಬರೆದಿಲ್ಲ. ಮದುವೆ ಮನೆಯಲ್ಲಿ ಮಕ್ಕಳನ್ನು ನಗಿಸಲು ಏಳು ವರ್ಷದ ಲೆಕ್ಕ ಹಾಕುವ ಧೈರ್ಯ ನನಗಿಲ್ಲ. ಹತ್ತು ರೂಪಾಯಿ ಯೋಚನೆ ಅಲ್ಲಿಗೆ ಬಿಟ್ಟೆ. (ಆಮೇಲೆ ಲೇಥ್‌ನವರೂ ಒಂದು ಮಾತು ಹೇಳಿದರು: ಅದು ಎರಡು ಲೋಹದ ನಾಣ್ಯ, ಒಳಗೆ ಕೆತ್ತುತ್ತಾ ಹೋದರೆ ನಡುವಿನ ಬಿಲ್ಲೆ ಬಳೆಯಿಂದ ಕಳಚಿ ಕೈಗೆ ಬರುತ್ತದೆ.)

ಹೊರದೇಶದ ಜಾದೂಗಾರರ ವಿಡಿಯೋ ನೋಡಿ "ಅವರು ಮಾಡ್ತಾರಲ್ಲ" ಅನ್ನುವವರಿಗೆ ಒಂದು ಮಾತು. ಅಮೆರಿಕದ ಕಾನೂನಿನಲ್ಲಿ ಮೋಸ ಮಾಡುವ ಉದ್ದೇಶದಿಂದ ನಾಣ್ಯ ತಿದ್ದಿದರೆ ಮಾತ್ರ ಅಪರಾಧ. ಆದ್ದರಿಂದ ಅಲ್ಲಿ ಅರ್ಧ ಡಾಲರನ್ನು ರಾಜಾರೋಷವಾಗಿ ಕೊರೆಯುತ್ತಾರೆ, ಅದೇ ಒಂದು ಉದ್ಯಮ. ಬ್ರಿಟನ್ನಿನಲ್ಲಿ ನಾಣ್ಯ ಕರಗಿಸಲು, ಒಡೆಯಲು ಪರವಾನಗಿ ಬೇಕು ಅಂತ 1971ರ ಕಾಯ್ದೆ ಹೇಳುತ್ತದೆ. ಅವರ ಹಳೇ ಪೆನ್ನಿ ಅದೇ ವರ್ಷ ಚಲಾವಣೆಯಿಂದ ಹೋಯಿತು. ಜಾದೂಗಾರರ ಪೆಟ್ಟಿಗೆಯಲ್ಲಿ ಮಾತ್ರ ಇವತ್ತಿಗೂ ಚಲಾವಣೆಯಲ್ಲಿದೆ.

ಆ ಪೆನ್ನಿಯ ವಿಷಯವೇ ನನಗೆ ದಾರಿ ತೋರಿಸಿತು. ನಮ್ಮಲ್ಲೂ ಚಲಾವಣೆಯಿಂದ ಹೋದ ನಾಣ್ಯ ಇವೆಯಲ್ಲ! 2011ರ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಮುಖಬೆಲೆಯ ಎಲ್ಲವನ್ನೂ ಹಿಂದಕ್ಕೆ ತೆಗೆದುಕೊಂಡರು. ಕಾಯ್ದೆ ನಾಣ್ಯ ಅಂತ ಕರೆಯುವುದು ಕಾನೂನುಬದ್ಧ ಚಲಾವಣೆ ಇರುವುದನ್ನು ಮಾತ್ರ. ವಕೀಲರು ಎರಡು ಸಲ ಓದಿ, "ಇದಾದರೆ ನನಗೆ ತೊಂದರೆ ಕಾಣುವುದಿಲ್ಲ. ಆದರೆ ಮಾರಾಟಕ್ಕೆ ಇಳಿಯಬೇಡಿ, ನಾಣ್ಯ ಹಿಂದಕ್ಕೆ ಪಡೆದ ಸರ್ಕಾರಿ ಅಧಿಸೂಚನೆಯ ಪ್ರತಿ ಜೊತೆಗೆ ಇಟ್ಟುಕೊಳ್ಳಿ" ಅಂದರು. ಇದು ನನಗೆ ಸಿಕ್ಕ ಸಲಹೆ. ನೀವು ನಿಮ್ಮ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಹಾಗಾದರೆ ಯಾವ ನಾಣ್ಯ? ಹತ್ತು ಪೈಸೆಯ ಅಲೆಯಂಚಿನ ಅಲ್ಯೂಮಿನಿಯಂ ನಾಣ್ಯ ಹಗುರ, ಗಾಳಿಗೆ ಹಾರುತ್ತದೆ. ಆರು ಮೂಲೆಯ ಇಪ್ಪತ್ತು ಪೈಸೆ ಲೇಥ್‌ಗೆ ಒಗ್ಗುವುದಿಲ್ಲ. ಘೇಂಡಾಮೃಗದ ಚಿತ್ರದ 25 ಪೈಸೆ ಸ್ಟೀಲು, ಅದೂ 19 ಮಿ.ಮೀ., ಬೆರಳ ಸಂದಿಯಲ್ಲಿ ಕಳೆದೇ ಹೋಗುತ್ತದೆ. ಉಳಿದದ್ದು ನಮ್ಮಮ್ಮನ ದೇವರ ಮನೆಯ ಡಬ್ಬಿಯಲ್ಲಿದ್ದ ಕಮಲದ ಇಪ್ಪತ್ತು ಪೈಸೆ. 1968ರಿಂದ 1971ರವರೆಗೆ ಟಂಕಿಸಿದ್ದು. ಹಿತ್ತಾಳೆ ಬಣ್ಣ, ದುಂಡಗೆ, 22 ಮಿ.ಮೀ., ಒಂದು ಕಡೆ ಅರಳಿದ ಕಮಲ. ಚಿನ್ನದ ಬಣ್ಣ, ಮೇಲೆ ಕಮಲ, ಇನ್ನೇನು ಬೇಕು? ಎಷ್ಟೋ ಮನೆಗಳಲ್ಲಿ ಇದು ಲಕ್ಷ್ಮಿ ಪೂಜೆಯ ನಾಣ್ಯವೇ ಆಗಿಬಿಟ್ಟಿದೆ. ಐವತ್ತು ದಾಟಿದ ಯಾರಿಗೇ ತೋರಿಸಿ, ಮುಖ ಅರಳುತ್ತದೆ. ಅರ್ಧ ಡಾಲರಿಗೆ ಸಿಗದ ಮರ್ಯಾದೆ ಇದಕ್ಕೆ ಸಿಗುತ್ತದೆ.

ಅಮ್ಮನ ಡಬ್ಬಿಗೆ ಕೈ ಹಾಕಲು ಬಿಡಲಿಲ್ಲ. ಅವಿನ್ಯೂ ರಸ್ತೆ ಕಡೆ ಹಳೇ ನಾಣ್ಯ ಮಾರುವವರ ಹತ್ತಿರ ಕೇಳಿದೆ. ಸವೆದದ್ದಾದರೆ ಒಂದಕ್ಕೆ ಹತ್ತಿಪ್ಪತ್ತು ರೂಪಾಯಿ. ಪೂಜೆಗೆ ಅಂದರೆ ಬೆಲೆ ಏರುತ್ತದೆ, ಆದ್ದರಿಂದ ಪೂಜೆಗೆ ಅನ್ನಬೇಡಿ. ಕೊಳ್ಳುವಾಗ ಒಂದೇ ಇಸವಿಯದ್ದು, ಒಂದೇ ಟಂಕಸಾಲೆಯದ್ದು, ಒಂದೇ ರೀತಿ ಸವೆದದ್ದು ಆರಿಸಿ. ಮುಂಬಯಿಯಲ್ಲಿ ಟಂಕಿಸಿದ್ದಕ್ಕೆ ಪುಟ್ಟ ವಜ್ರದ ಗುರುತು ಇರುತ್ತದೆ, ಕಲ್ಕತ್ತಾದ್ದಕ್ಕೆ ಗುರುತೇ ಇರುವುದಿಲ್ಲ. ಎದುರು ಕೂತವರಿಗೆ ಇದು ಕಾಣುವುದಿಲ್ಲ. ಆದರೆ ಈಗ ಎಲ್ಲರೂ ಮೊಬೈಲಿನಲ್ಲಿ ಹಿಡಿದು ದೊಡ್ಡದು ಮಾಡಿ ನೋಡುತ್ತಾರೆ. ಬೇಕಾದದ್ದಕ್ಕಿಂತ ಮೂರು ಪಟ್ಟು ಕೊಳ್ಳಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಇದರ ನಡುವೆ, ಅಳತೆಗೆ ಮಾದರಿ ಇರಲಿ ಅಂತ ಹೊರದೇಶದಿಂದ ಒಂದು ಸಿದ್ಧ ಅರ್ಧ ಡಾಲರ್ ಶೆಲ್ ತರಿಸಿದೆ. ಜೊತೆಗೆ ಕೆಲವು ಸಾದಾ ಅರ್ಧ ಡಾಲರ್, ಕೆಲವು ಪೆನ್ನಿ. ಪಾರ್ಸೆಲ್ ದೇಶದೊಳಗೆ ಬೇಗನೇ ಬಂತು, ಮನೆಗೆ ಬರಲಿಲ್ಲ. ಟ್ರ್ಯಾಕಿಂಗ್‌ನಲ್ಲಿ ಅದೇ ಒಂದು ಸಾಲು, ದಿನಾ ಬೆಳಿಗ್ಗೆ ನೋಡುವುದು, ಅದೇ ಸಾಲು. ಕೊನೆಗೆ ಕಾಗದ ಬಂತು: ಗುರುತಿನ ದಾಖಲೆ ಕೊಡಿ, ಬಿಲ್ಲು ಕೊಡಿ, ಇದು ಏನು ಅಂತ ಬರೆದು ಕೊಡಿ.

ಇದು ಏನು ಅನ್ನುವುದೇ ಕಷ್ಟದ ಪ್ರಶ್ನೆ. ಸುಂಕದ ಪಟ್ಟಿಯಲ್ಲಿ ನಾಣ್ಯಕ್ಕೆ 7118 ಅಂತ ಒಂದು ಶೀರ್ಷಿಕೆ ಇದೆ. ಸಂಗ್ರಹಕಾರರ ನಾಣ್ಯವಾದರೆ 9705. ಇನ್ನೊಂದು ನೋಡಿ ನಾನು ಕುರ್ಚಿಯಿಂದ ಎದ್ದೆ: 9505. ಹಬ್ಬ-ಮನರಂಜನೆಯ ಸಾಮಾನುಗಳ ಜೊತೆಗೆ ಜಾದೂ ಸಾಮಾನು ಅಂತಲೇ ಅದರಲ್ಲಿ ಬರೆದಿದೆ. ಜಾದೂವನ್ನು ಒಂದು ಕಸುಬು ಅಂತ ಒಪ್ಪಿಕೊಂಡ ಸರ್ಕಾರಿ ಕಾಗದ ನಾನು ನೋಡಿದ್ದು ಇದೊಂದೇ. ಶೆಲ್ಲನ್ನು ಜಾದೂ ಸಾಮಾನು ಅಂತ, ಉಳಿದದ್ದನ್ನು ನಾಣ್ಯ ಅಂತ ಬೇರೆ ಬೇರೆ ಸಾಲಿನಲ್ಲಿ ಬರೆದೆ. ಮಾರಿದವರಿಂದ ಇನ್ನೊಂದು ಬಿಲ್ಲು ತರಿಸಿ, ಫೋಟೋ ಅಂಟಿಸಿ ಕಳಿಸಿದೆ. ಆಮೇಲೂ ಕಾಯಬೇಕಾಯಿತು, ಸುಂಕವೂ ಕಟ್ಟಬೇಕಾಯಿತು. ತರಿಸುವವರು ಮಾರಾಟಗಾರರಿಗೆ ಮೊದಲೇ ಹೇಳಿಬಿಡಿ: ಬಿಲ್ಲಿನಲ್ಲಿ ಪ್ರತಿಯೊಂದನ್ನೂ ಬಿಡಿಸಿ ಬರೆಯಲಿ, ಬೆಲೆ ಕಡಿಮೆ ತೋರಿಸುವ ಉಪಕಾರ ಮಾಡುವುದು ಬೇಡ. ಬರೀ "ಉಡುಗೊರೆ" ಅಂತ ಬರೆದ ಪೊಟ್ಟಣದಲ್ಲಿ ಲೋಹದ ಬಿಲ್ಲೆಗಳು ಸಿಕ್ಕರೆ ಯಾರಿಗಾದರೂ ಸಂಶಯ ಬರುತ್ತದೆ.

ಮಾದರಿ ಕೈಗೆ ಬಂದ ಮೇಲೆ ಲೇಥ್ ಹುಡುಕಾಟ. ಪೀಣ್ಯದಲ್ಲಿ ಸಾವಿರಾರು ಸಣ್ಣ ಕಾರ್ಖಾನೆ ಇವೆ, ಒಬ್ಬರಾದರೂ ಒಪ್ಪುವುದಿಲ್ಲವೇ ಅಂತ ಹೊರಟೆ. ಮೊದಲ ಉತ್ತರ ಎಲ್ಲ ಕಡೆಯೂ ಒಂದೇ: "ಎಷ್ಟು ಪೀಸು?" ನಾಲ್ಕು ಅಂದರೆ ಮುಖ ತಿರುಗಿಸುತ್ತಾರೆ. ಅವರಿಗೆ ನಾಲ್ಕು ಸಾವಿರ ಬೇಕು. ಎರಡನೇ ಉತ್ತರ, ನಾಣ್ಯ ಜೇಬಿನಿಂದ ತೆಗೆದ ಮೇಲೆ: "ಸಾರ್, ಇದೆಲ್ಲ ಪೊಲೀಸ್ ಕೇಸ್ ಆಗುತ್ತೆ, ಬೇಡ." ಅಧಿಸೂಚನೆಯ ಪ್ರತಿ ಇಟ್ಟುಕೊಳ್ಳಿ ಅಂದಿದ್ದು ಯಾಕೆ ಅಂತ ಆಗ ಅರ್ಥವಾಯಿತು. ಆ ಕಾಗದ ಓದಿದ ಮೇಲೆ ಲೇಥ್ ನಡೆಸುವ ಒಬ್ಬ ಹಿರಿಯ ಟರ್ನರ್ ಕನ್ನಡಕ ಸರಿಮಾಡಿಕೊಂಡು ಕೇಳಿದರು, "ಹಾಗಾದ್ರೆ ಇದು ಈಗ ಬರೀ ಹಿತ್ತಾಳೆ ಬಿಲ್ಲೆ, ಅಲ್ವಾ?" ಹೌದು ಅಂದೆ. "ಭಾನುವಾರ ಬನ್ನಿ. ಮಾಲೀಕರಿಗೆ ನಾನು ಹೇಳ್ತೀನಿ."

ಮಾಲೀಕರಿಗೂ ಸಮಾಧಾನವಾಗಬೇಕಿತ್ತು. ಟೊಳ್ಳು ನಾಣ್ಯ ಯಾಕೆ ಬೇಕು ಅಂತ ಅವರು ಕೇಳಿದಾಗ ಜಾದೂ ಅಂದೆ. ನಂಬದ ಮುಖ ಮಾಡಿದರು. ಆಗ ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಕಥೆ ಹೇಳಿದೆ. 1953ರಲ್ಲಿ ಪೇಪರ್ ಹಾಕುವ ಒಬ್ಬ ಹುಡುಗನಿಗೆ ಚಿಲ್ಲರೆಯಲ್ಲಿ ಬಂದ ಐದು ಸೆಂಟಿನ ನಾಣ್ಯ ಕೈಜಾರಿ ಬಿದ್ದು ಎರಡಾಯಿತು. ಒಳಗೆ ಅಂಕಿಗಳಿದ್ದ ಪುಟಾಣಿ ಫೋಟೋ. ನಾಲ್ಕು ವರ್ಷ ಕಳೆದರೂ ಅದರ ಸಂಕೇತ ಬಿಡಿಸಲು ಅಮೆರಿಕದ ಪತ್ತೇದಾರರಿಂದ ಆಗಲಿಲ್ಲ. 1957ರಲ್ಲಿ ಸೋವಿಯತ್ ಬೇಹುಗಾರನೊಬ್ಬ ತಾನಾಗಿ ಬಂದು ಶರಣಾದ ಮೇಲೆಯೇ ಅದು ಬಿಡಿಸಿದ್ದು. ರುಡಾಲ್ಫ್ ಏಬೆಲ್ ಅನ್ನುವ ದೊಡ್ಡ ಗೂಢಚಾರ ಸಿಕ್ಕಿಬಿದ್ದದ್ದೂ ಆಗಲೇ. ಆ ನಾಣ್ಯದ ಎರಡು ಹೋಳು ಬೇರೆ ಬೇರೆ ನಾಣ್ಯದಿಂದ ಮಾಡಿದ್ದವು, ಸೂಜಿ ತೂರಿಸಿ ತೆರೆಯಲು ಒಂದು ಅಕ್ಷರದೊಳಗೆ ಸಣ್ಣ ತೂತು ಬೇರೆ. ಕೇಳಿ ಮಾಲೀಕರು, "ಅಷ್ಟು ಸಣ್ಣ ತೂತು ಹೆಂಗೆ ಹೊಡೆದ್ರಂತೆ?" ಅಂದರು. ಇನ್ನು ಕೆಲಸ ಆದ ಹಾಗೆಯೇ ಅಂತ ನನಗೆ ಗೊತ್ತಾಯಿತು.

ಈಗ ಕೆಲಸದ ವಿಷಯ. ಮೊದಲ ಪ್ರಶ್ನೆ, ಶೆಲ್ ದೊಡ್ಡದಾಗಬೇಕೋ ಒಳಗಿನ ನಾಣ್ಯ ಚಿಕ್ಕದಾಗಬೇಕೋ? 22 ಮಿ.ಮೀ. ನಾಣ್ಯ 22 ಮಿ.ಮೀ. ನಾಣ್ಯದೊಳಗೆ ಹೋಗುವುದಿಲ್ಲ ತಾನೆ. ಹೊರದೇಶದ ಒಳ್ಳೇ ಶೆಲ್ಲುಗಳೆಲ್ಲ ಹಿಗ್ಗಿಸಿದ್ದು. ಕೆತ್ತಿದ ಶೆಲ್ಲನ್ನು ಅರ್ಧ ಮಿಲಿಮೀಟರಿನಷ್ಟು ಅಗಲ ಮಾಡಿ ಯಾವ ಸಾದಾ ನಾಣ್ಯದ ಮೇಲಾದರೂ ಕೂರುವ ಹಾಗೆ ಮಾಡುತ್ತಾರೆ. ನನಗೆ ಬೇಕಾಗಿದ್ದೂ ಅದೇ.

ಟರ್ನರ್ ಲೇಥ್‌ನ ಚಕ್ಕಿಗೆ (ತುಂಡನ್ನು ಹಿಡಿದು ತಿರುಗಿಸುವ ಭಾಗ) ಒಂದು ಹಿತ್ತಾಳೆ ತುಂಡು ಕಟ್ಟಿ, ಅದರ ತುದಿಯಲ್ಲಿ ಸರಿಯಾಗಿ 22 ಮಿ.ಮೀ. ಗುಂಡಿ ತೆಗೆದರು. ಆ ತುಂಡನ್ನು ಕೆಲಸ ಮುಗಿಯುವವರೆಗೂ ಚಕ್ಕಿನಿಂದ ಬಿಚ್ಚಲಿಲ್ಲ, ಬಿಚ್ಚಿದರೆ ಮತ್ತೆ ನಡುವಿಗೆ ಕೂರುವುದಿಲ್ಲ. ಕಮಲದ ಮುಖ ಒಳಗೆ ಮಾಡಿ ನಾಣ್ಯವನ್ನು ಫೆವಿಕ್ವಿಕ್‌ನಲ್ಲಿ ಅಂಟಿಸಿದರು. ಅಂಟು ಬರೀ ಹಿಡಿಯುವುದಕ್ಕಲ್ಲ. ದಳಗಳ ಉಬ್ಬುತಗ್ಗಿನ ನಡುವೆ ತುಂಬಿಕೊಂಡು, ತೆಳ್ಳಗಾದ ಮೇಲೆ ಲೋಹ ಒಳಗೆ ಕುಸಿಯದಂತೆ ಆಸರೆ ಕೊಡುತ್ತದೆ. ಲೋಹ ಕೆತ್ತುವ ಟೂಲನ್ನು ಅವರೇ ಕಲ್ಲಿನಲ್ಲಿ ಹರಿತ ಮಾಡಿಕೊಂಡರು. ಹಿತ್ತಾಳೆಗೆ ಮೇಲ್ಮುಖ ಚಪ್ಪಟೆಯಾಗಿರಬೇಕಂತೆ. ಸ್ಟೀಲಿಗೆ ಮಾಡಿದ ಹಾಗೆ ಇಳಿಜಾರು ಕೊಟ್ಟರೆ ಟೂಲು ಲೋಹವನ್ನು ಕಚ್ಚಿ ಎಳೆದುಕೊಳ್ಳುತ್ತದೆ.

ಎಣ್ಣೆ ಇಲ್ಲ, ನೀರಿಲ್ಲ. ಹಳದಿ ಪುಡಿ ಹಾರಿ ಅವರ ಮುಂಗೈ ಮೇಲೆಲ್ಲ ಕೂತಿತು. ಒಂದೊಂದು ಸಲಕ್ಕೆ ಕೂದಲೆಳೆಯಷ್ಟು ಕಡಿತ. ಎಷ್ಟು ಕೆತ್ತಿದೆ ಅಂತ ತೋರಿಸುವ ಡಯಲ್ ನೋಡುವುದು, ನಿಲ್ಲಿಸುವುದು, ಬೆರಳ ಉಗುರಿನಿಂದ ಮುಟ್ಟಿ ಬಿಸಿ ನೋಡುವುದು. ಬಿಸಿಯಾದರೆ ಅಂಟು ಬಿಡುತ್ತದೆ. ಒಮ್ಮೆ ಬಿಟ್ಟೇಬಿಟ್ಟಿತು. ನಾಣ್ಯ ಹಾರಿ ಎಲ್ಲೋ ಮೂಲೆಯ ಗ್ರೀಸ್ ಡಬ್ಬದ ಹಿಂದೆ ಬಿದ್ದು ಇವತ್ತಿಗೂ ಸಿಕ್ಕಿಲ್ಲ. ಕಣ್ಣಿಗೆ ಕನ್ನಡಕ ಇಲ್ಲದೆ ಅಲ್ಲಿ ನಿಲ್ಲಬೇಡಿ.

ಕಷ್ಟ ಎಲ್ಲಿದೆ ಅಂದರೆ, ಎಷ್ಟೋ ವರ್ಷ ಕೈಯಿಂದ ಕೈಗೆ ಓಡಾಡಿದ ನಾಣ್ಯ ಸಮತಟ್ಟಾಗಿರುವುದಿಲ್ಲ. ಒಂದು ಕಡೆ ಹೆಚ್ಚು ಸವೆದಿರುತ್ತದೆ, ಸ್ವಲ್ಪ ಬಾಗಿರುತ್ತದೆ. ಡಯಲ್ ಇನ್ನೂ ಅರ್ಧ ಮಿ.ಮೀ. ಉಳಿದಿದೆ ಅನ್ನುವಾಗಲೇ ಒಂದು ಮಗ್ಗುಲು ತೆಳ್ಳಗಾಗಿಬಿಟ್ಟಿರುತ್ತದೆ. ನಮ್ಮ ಎರಡನೇ ನಾಣ್ಯದಲ್ಲಿ ಮೊದಲು ತೂತು ಬಿದ್ದದ್ದು ಕಮಲದಲ್ಲಲ್ಲ. ಕಮಲ ಉಬ್ಬಿರುವ ಜಾಗ, ಅಲ್ಲಿ ಲೋಹ ಜಾಸ್ತಿ. ಅದರ ಸುತ್ತಲಿನ ಬಯಲು ಜಾಗದಲ್ಲಿ, ಒಂದು ದಳದ ತುದಿಯನ್ನೇ ಸುತ್ತಿಕೊಂಡು, ಉಗುರಿನ ಆಕಾರದಲ್ಲಿ ಅಂಟು ಕಾಣಿಸಿತು. ನೋಡಲು ಚೆನ್ನಾಗಿತ್ತು, ಕೆಲಸಕ್ಕೆ ಬರುವ ಹಾಗಿರಲಿಲ್ಲ. ಮೂರು ಪಟ್ಟು ಕೊಳ್ಳಿ ಅಂದದ್ದು ಇದಕ್ಕೆ.

ಕೊನೆಗೆ ಅಂಚಿನ ಗೋಡೆ 0.3 ಮಿ.ಮೀ., ಮುಖ 0.4 ಮಿ.ಮೀ. ಇಟ್ಟರೆ ಸರಿ ಅಂತ ತೀರ್ಮಾನವಾಯಿತು. ಅದಕ್ಕಿಂತ ತೆಳ್ಳಗೆ ಮಾಡಿದರೆ ಹೆಬ್ಬೆರಳಿಟ್ಟು ಒತ್ತಿದಾಗ ಟಿಕ್ ಅಂತ ಒಳಗೆ ಹೋಗಿ ಹೊರಗೆ ಬರುತ್ತದೆ. ಜಾದೂ ನಡುವೆ ಆ ಸದ್ದು ಬಂದರೆ ಮುಗಿದೇ ಹೋಯಿತು. ಅಸಿಟೋನ್‌ನಲ್ಲಿ ನೆನೆಸಿಟ್ಟರೆ ಅಂಟು ಬಿಡುತ್ತದೆ. ಮೀಟಿ ತೆಗೆಯಲು ಹೋಗಬೇಡಿ, ಬಾಗುತ್ತದೆ.

ಹಿಗ್ಗಿಸುವ ಕೆಲಸ ಲೇಥ್‌ನವರದ್ದಲ್ಲ. ನಗರ್ತಪೇಟೆಯಲ್ಲಿ ಪರಿಚಯದ ಅಕ್ಕಸಾಲಿಯೊಬ್ಬರ ಹತ್ತಿರ ಒಯ್ದೆ. ಅವರು ಶೆಲ್ಲನ್ನು ಮಬ್ಬು ಕೆಂಪಾಗುವವರೆಗೆ ಕಾಯಿಸಿ ಮೆತ್ತಗೆ ಮಾಡಿದರು. ಟರ್ನರ್ ಮಾಡಿಕೊಟ್ಟಿದ್ದ ತುದಿಗೆ ಹೋಗುತ್ತಾ ಸ್ವಲ್ಪವೇ ಸಣ್ಣದಾಗುವ ದುಂಡನೆಯ ಸ್ಟೀಲ್ ತುಂಡನ್ನು ಒಳಗಿಟ್ಟು ನಿಧಾನವಾಗಿ ಒತ್ತಿದರು. ಹಿಗ್ಗಿತು. ಆದರೆ ಬಾಯಿ ಮಾತ್ರ ಹಿಗ್ಗಿತು. ಮುಖದ ಕಡೆ ಅಗಲ ಹಾಗೇ ಉಳಿದು, ಪಕ್ಕದಿಂದ ನೋಡಿದರೆ ಪುಟ್ಟ ತಟ್ಟೆಯ ಆಕಾರ. ಮುಖದ ಲೋಹ ಅಂಚನ್ನು ಒಳಗಿನಿಂದ ಹಿಡಿದುಕೊಂಡಿರುತ್ತದೆ, ಅದು ಬಿಡುವುದಿಲ್ಲ. "ಮೊದಲು ಹಿಂಭಾಗಕ್ಕೆ ಬಡಿದು ಇಡೀ ನಾಣ್ಯ ಅಗಲ ಮಾಡಿ, ಆಮೇಲೆ ಕೆತ್ತಿಸಬೇಕಿತ್ತು" ಅಂದರು ಅಕ್ಕಸಾಲಿ. ಅದನ್ನೂ ಮಾಡಿ ನೋಡಿದೆವು. ಮುಖದ ಕೆಳಗೆ ತೊಗಲಿಟ್ಟು ಬಡಿದರು. ನಾಣ್ಯ ಅಗಲವಾಯಿತು, ಕಮಲ ಚಪ್ಪಟೆಯಾಯಿತು. ಪಕ್ಕದಲ್ಲಿ ಸಾದಾ ನಾಣ್ಯ ಇಟ್ಟರೆ ಮಗುವಿಗೂ ವ್ಯತ್ಯಾಸ ಗೊತ್ತಾಗುತ್ತದೆ.

ಯಾರೂ ಮೊದಲೇ ಹೇಳದ ಇನ್ನೊಂದು ತೊಂದರೆ ಬಣ್ಣದ್ದು. ಕಾಯಿಸಿದ ನಾಣ್ಯ ಕಪ್ಪಾಗುತ್ತದೆ. ಕಪ್ಪು ತೆಗೆಯಲು ಆಸಿಡ್‌ನಲ್ಲಿ ಅದ್ದಿದರೆ ಮೇಲಿನ ಸತು ಹೋಗಿ ತಾಮ್ರದ ನಸುಗೆಂಪು ಉಳಿಯುತ್ತದೆ. ಹಳದಿ ನಾಣ್ಯಗಳ ನಡುವೆ ಒಂದೇ ಒಂದು ಗುಲಾಬಿ! ಆವತ್ತು ಮನೆಗೆ ಬಂದು ಎಲ್ಲವನ್ನೂ ಡ್ರಾಯರಿಗೆ ತಳ್ಳಿ, ಈ ಸಹವಾಸವೇ ಸಾಕು ಅಂತ ಕೂತಿದ್ದೆ. ಖರ್ಚಿನ ಲೆಕ್ಕ ಮನೆಯಲ್ಲಿ ಕೇಳುವವರಿರಲಿಲ್ಲ ಅಂತಲ್ಲ.

ದಾರಿ ತೋರಿಸಿದ್ದು ಟರ್ನರ್. ಅವರು ಜಾದೂ ಮಾಡುವವರಲ್ಲ, ಹಾಗಾಗಿ ಹಿಗ್ಗಿಸಲೇಬೇಕು ಅನ್ನುವ ಹಟ ಅವರಿಗಿರಲಿಲ್ಲ. "ಶೆಲ್ ಹಾಗೇ ಇರಲಿ. ಒಳಗೆ ಹೋಗೋದನ್ನ ಇಳಿಸಿ." ಅಂದರೆ ಶೆಲ್ 22 ಮಿ.ಮೀ.ಯೇ ಇರುತ್ತದೆ, ಅದರೊಳಗೆ ಕೂರಬೇಕಾದ ಒಂದೇ ಒಂದು ನಾಣ್ಯದ ಅಂಚನ್ನು 21.3 ಮಿ.ಮೀ.ಗೆ ಸವೆಸುವುದು. ಕಾಯಿಸುವುದಿಲ್ಲ, ಬಡಿಯುವುದಿಲ್ಲ, ಬಣ್ಣ ಕೆಡುವುದಿಲ್ಲ. ಹೊರದೇಶದ ತಯಾರಕರು ಇದನ್ನು ಎರಡನೇ ದರ್ಜೆ ಅಂತ ನೋಡುತ್ತಾರೆ. ಸವೆಸಿದ ಆ ಒಂದು ನಾಣ್ಯ ಯಾವಾಗಲೂ ಜೊತೆಗೇ ಇರಬೇಕು ಅನ್ನುವುದು ಅವರ ತಕರಾರು. ನನ್ನ ಅಭಿಪ್ರಾಯ ಬೇರೆ. ಅರ್ಧ ಡಾಲರಿಗೆ ಹಿಗ್ಗಿಸಿದ್ದೇ ಸರಿ. ಆದರೆ ಇಷ್ಟು ಚಿಕ್ಕ ನಾಣ್ಯಕ್ಕೆ ಸವೆಸಿದ್ದೇ ವಾಸಿ. ಯಾಕೆಂದರೆ ಜನ ಹೆಚ್ಚು ಹೊತ್ತು ನೋಡುವುದು ಶೆಲ್ಲನ್ನು, ಅದು ಇಲ್ಲಿ ಅಪ್ಪಟ ಅಳತೆಯಲ್ಲೇ ಉಳಿಯುತ್ತದೆ.

ಒಳಗೆ ಕೂರುವ ಬಿಗಿ ಇನ್ನೊಂದು ಪಾಠ. ತೀರಾ ಬಿಗಿ ಮಾಡಿದರೆ ಒಳಗೆ ಗಾಳಿ ಸಿಕ್ಕಿಕೊಂಡು ಶೆಲ್ ತೇಲುತ್ತಾ ನಿಧಾನವಾಗಿ ಇಳಿಯುತ್ತದೆ. ನೋಡಲು ಮಜಾ, ಆದರೆ ಕೆಲಸ ಕೆಡುತ್ತದೆ. ಸಡಿಲ ಮಾಡಿದರೆ ಗಲಗಲ ಅನ್ನುತ್ತದೆ. ಟರ್ನರ್ ಶೆಲ್ಲಿನ ಒಳಬಾಯಿಗೆ ಕಣ್ಣಿಗೆ ಕಾಣದಷ್ಟು ಇಳಿಜಾರು ಕೊಟ್ಟರು. ಈಗ ತಲೆಕೆಳಗು ಮಾಡಿದರೆ ತನ್ನ ಭಾರಕ್ಕೇ ಬಿಡುತ್ತದೆ. ಜೇಬಿನ ಒಂದು ನೂಲೆಳೆ ಒಳಗೆ ಹೋದರೂ ಬಿಡುವುದಿಲ್ಲ, ಆದ್ದರಿಂದ ಜೇಬಿನಲ್ಲಿ ಬಿಡಿಯಾಗಿ ಹಾಕಬೇಡಿ.

ಖರ್ಚು ಹೇಳಿಬಿಡುತ್ತೇನೆ. ಹೊರದೇಶದ ಮಾದರಿ, ಸುಂಕ ಸೇರಿ ಆರು ಸಾವಿರದ ಹತ್ತಿರ ಹತ್ತಿರ. ಅದನ್ನು ನೀವು ತರಿಸಬೇಕಾಗಿಲ್ಲ, ಮೇಲಿನ ಅಳತೆ ಸಾಕು. ಹಳೇ ನಾಣ್ಯಗಳಿಗೆ ಐನೂರು ರೂಪಾಯಿ ಒಳಗೆ. ಟರ್ನರ್ ಕೇಳಿದ್ದು ಎರಡು ಸಾವಿರ, ಅವರ ಭಾನುವಾರಗಳಿಗೆ ಅದು ಕಡಿಮೆಯೇ. ಅಕ್ಕಸಾಲಿ ದುಡ್ಡು ತೆಗೆದುಕೊಳ್ಳಲಿಲ್ಲ, ಜಾದೂ ತೋರಿಸಿ ಅಂದರು.

ಶೆಲ್ ಕೈಗೆ ಬಂದ ಮೇಲೆ ನೆನಪಿಡಬೇಕಾದ ಒಂದೆರಡು ಮಾತು. ಟೇಬಲ್ಲಿನ ಮೇಲ್ಭಾಗ ಬರಿಗಲ್ಲಿನದ್ದಾದರೆ ಶೆಲ್ಲನ್ನು ಅದರ ಮೇಲೆ ಬೀಳಿಸಬೇಡಿ. ನಿಜವಾದ ನಾಣ್ಯ ಠಣ್ ಅನ್ನುತ್ತದೆ, ಶೆಲ್ ಟಪ್ ಅನ್ನುತ್ತದೆ. ಬಟ್ಟೆ ಹಾಸಿ. ಹಿತ್ತಾಳೆ ಅಲ್ವಾ ಅಂತ ಹುಣಸೆಹುಳಿ ಹಾಕಿ ಉಜ್ಜಲು ಬಿಡಬೇಡಿ. ನಮ್ಮ ಮನೆಯಲ್ಲಿ ಸ್ವಲ್ಪದರಲ್ಲಿ ತಪ್ಪಿತು. ಅಮ್ಮ ಅದನ್ನು ಟೇಬಲ್ ಮೇಲಿನಿಂದ ಎತ್ತಿ ದೇವರ ಡಬ್ಬಿಗೆ ಸೇರಿಸಿಬಿಟ್ಟಿದ್ದರು, ಶುಕ್ರವಾರ ತೊಳೆಯುವ ಮೊದಲು ಸಿಕ್ಕಿತು. ಮುಖ ಮೇಲಾಗಿ ಇಟ್ಟಿದ್ದ ಶೆಲ್ಲನ್ನು ಅವರು ಕೈಯಲ್ಲಿ ಹಿಡಿದು ಎತ್ತಿಟ್ಟೂ ಗುರುತಿಸಲಿಲ್ಲ ಅನ್ನುವುದು ನನ್ನ ಮಟ್ಟಿಗೆ ಟರ್ನರ್‌ಗೆ ಸಿಕ್ಕ ದೊಡ್ಡ ಪ್ರಶಸ್ತಿ.

ಅಯಸ್ಕಾಂತದ ಆಟಕ್ಕೆ ನಾಣ್ಯ ಮಾಡಿಸಲು ಯೋಚಿಸುವವರು ದುಡ್ಡು ಉಳಿಸಿಕೊಳ್ಳಿ. ಅರ್ಧ ಡಾಲರ್ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆದ್ದರಿಂದ ಹೊರದೇಶದಲ್ಲಿ ಅದರೊಳಗೆ ಕಬ್ಬಿಣದ ತಗಡು ಕೂರಿಸಿ ಮಾರುತ್ತಾರೆ. ನಮ್ಮ ಈಗಿನ ಸ್ಟೀಲಿನ ಒಂದು ರೂಪಾಯಿ ಹುಟ್ಟಿನಿಂದಲೇ ಅಂಟುತ್ತದೆ. ಏನೂ ಕೆತ್ತಬೇಕಾಗಿಲ್ಲ.

ಟರ್ನರ್ ಹತ್ತಿರ ಹಿತ್ತಾಳೆ ಗುಂಡಿಯ ಆ ತುಂಡು ಇನ್ನೂ ಇದೆ. ಎರಡು ನಾಣ್ಯದ ಅರ್ಧ ಅರ್ಧ ಕೂಡಿಸಿ, ಎರಡೂ ಕಡೆ ಕಮಲ ಇರುವಂಥದ್ದು ಮಾಡಬಹುದಾ ಅಂತ ಅವರೇ ಹೋದ ಭಾನುವಾರ ಕೇಳಿದರು. ಬೆಸುಗೆ ಬೇಡ, ಒಂದನ್ನು ಬಟ್ಟಲ ಹಾಗೆ ಕೊರೆದು ಇನ್ನೊಂದನ್ನು ಅದರೊಳಗೆ ಬಿಗಿಯಾಗಿ ಒತ್ತಿ ಕೂರಿಸೋಣ ಅನ್ನುವುದು ಅವರ ಲೆಕ್ಕ. ನಾನು ಒಂದೇ ಇಸವಿಯ ಇನ್ನೊಂದಿಷ್ಟು ನಾಣ್ಯ ಹುಡುಕುತ್ತಿದ್ದೇನೆ.